ಬಂಡೆಗಿಂತ ಕಿರಿಯ ವಿಶ್ವ

ಒಂಬತ್ತನೇ ತರಗತಿಯ ಮಕ್ಕಳನ್ನು ವಿಶ್ವದ ವಯಸ್ಸು ಎಷ್ಟೆಂದು ಕೇಳಿದರೆ ಈಗ ಹೆಚ್ಚುಕಡಿಮೆ ಎಲ್ಲರಿಗೂ ಉತ್ತರ ಗೊತ್ತಿರುತ್ತದೆ. 1380 ಕೋಟಿ ವರ್ಷ ಎಂದು ಕೆಲವರು, 13.8 ಬಿಲಿಯನ್ ಎಂದು ಹೆಚ್ಚಿನವರು, ಕೈ ಎತ್ತುವುದಕ್ಕೂ ಕಾಯದೆ ಕೂಗಿಬಿಡುತ್ತಾರೆ. ಅದರ ಬೆನ್ನಿಗೇ 'ಅದು ಗೊತ್ತಾದದ್ದು ಹೇಗೆ?' ಎಂದು ಕೇಳಿದರೆ ಮಾತ್ರ ತರಗತಿ ತಣ್ಣಗಾಗುತ್ತದೆ. ಮುಂದಿನ ಬೆಂಚಿನಿಂದ ಯಾರೋ 'ನಾಸಾದವರು ಕಂಡುಹಿಡಿದರು ಮೇಡಂ' ಎನ್ನುತ್ತಾರೆ, ಹಿಂದಿನಿಂದ ಇನ್ನೊಬ್ಬರು ತಾವು ನೋಡಿದ ವಿಡಿಯೊದ ಹೆಸರು ಹೇಳುತ್ತಾರೆ. ದಕ್ಷಿಣ ಬೆಂಗಳೂರಿನ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವ ನಾನು, ಶನಿವಾರದ ಬೆಳಗಿನ ತರಗತಿಗಳು ಮುಗಿದ ಮೇಲೆ ವಿಜ್ಞಾನ ಸಂಘದ ಮಕ್ಕಳೊಂದಿಗೆ ಕೂರುತ್ತೇನೆ. ಪರೀಕ್ಷೆಯ ಹಂಗಿಲ್ಲದ ಆ ಹೊತ್ತಿನಲ್ಲೂ ಈ ಪ್ರಶ್ನೆಗೆ ಅದೇ ಉತ್ತರಗಳು ಬರುತ್ತಿದ್ದುದು ನನ್ನನ್ನು ಬಹಳ ಕಾಲ ಕಾಡಿದೆ. ಉತ್ತರ ಸರಿಯಾಗಿದೆ, ಆದರೆ ಅದು ಮಕ್ಕಳಲ್ಲಿರುವುದು ಬಾಯಿಪಾಠದ ರೂಪದಲ್ಲಿ.

ಒಂದು ಶನಿವಾರ ಒಬ್ಬ ಹುಡುಗ ಕೇಳಿದ ಪ್ರಶ್ನೆ ಈ ಕಾಟಕ್ಕೆ ಸ್ಪಷ್ಟವಾದ ಆಕಾರ ಕೊಟ್ಟಿತು. 'ಮೇಡಂ, ನಮ್ಮನೇಲಿ ಪೂಜೆಗೆ ಕೂತಾಗ ತಾತ ಸಂಕಲ್ಪ ಹೇಳ್ತಾರೆ, ಶ್ವೇತವರಾಹ ಕಲ್ಪೇ ವೈವಸ್ವತ ಮನ್ವಂತರೇ ಅಂತ. ಒಂದು ಕಲ್ಪ ಅಂದ್ರೆ 432 ಕೋಟಿ ವರ್ಷ ಅಂತೆ. ಅದು ಸರೀನಾ, ನೀವು ಹೇಳೋ 1380 ಸರೀನಾ?' ಇಂಥ ಪ್ರಶ್ನೆ ಬಂದಾಗ ಶಿಕ್ಷಕರ ಕೊಠಡಿಯಲ್ಲಿ ಎರಡು ಬಗೆಯ ಸಲಹೆ ಸಿಗುತ್ತದೆ. ಪುರಾಣವನ್ನು ವಿಜ್ಞಾನದ ತರಗತಿಗೆ ತರಬೇಡ ಎಂದು ಗದರಿಸಿ ಮುಂದೆ ಹೋಗಬೇಕೆಂಬುದು ಒಂದು. ಎಲ್ಲವೂ ನಮ್ಮಲ್ಲಿ ಮೊದಲೇ ಇತ್ತು ಎಂದು ಬೆನ್ನು ತಟ್ಟಿ ಕೂರಿಸಬೇಕೆಂಬುದು ಇನ್ನೊಂದು. ನನ್ನ ದೃಷ್ಟಿಯಲ್ಲಿ ಎರಡೂ ಪಲಾಯನವೇ. ಹುಡುಗನ ತರ್ಕದಲ್ಲಿ ಯಾವ ದೋಷವೂ ಇರಲಿಲ್ಲ. ಒಂದು ಸಂಖ್ಯೆಯನ್ನು ಅವನು ಗೌರವಿಸುವ ತಾತ ಹೇಳಿದ್ದಾರೆ, ಇನ್ನೊಂದನ್ನು ಅವನು ಗೌರವಿಸುವ (ಹಾಗೆಂದು ನಂಬುತ್ತೇನೆ) ಮೇಡಂ ಹೇಳಿದ್ದಾರೆ. ಎರಡೂ ಒಂದೇ ದಾರಿಯಲ್ಲಿ ಅವನನ್ನು ತಲುಪಿರುವಾಗ ಅವನು ಯಾವುದರ ಆಧಾರದ ಮೇಲೆ ಆಯ್ಕೆ ಮಾಡಬೇಕು? ಕಾಲವನ್ನು ಅಷ್ಟು ದೂರ ಹಿಗ್ಗಿಸಿ ಯೋಚಿಸಿದವರ ಕಲ್ಪನಾಶಕ್ತಿಯ ಬಗ್ಗೆ ನನಗೆ ಗೌರವವಿದೆ. ಆದರೆ 432 ಕೋಟಿ ಎಂಬುದು ತಪ್ಪಾಗಿದ್ದರೆ ಅದನ್ನು ತಿದ್ದುವ ದಾರಿ ಸಂಕಲ್ಪದೊಳಗೆ ಇಲ್ಲ. 1380 ಎಂಬುದಾದರೋ ತಿದ್ದಿಸಿಕೊಳ್ಳುತ್ತಲೇ ಬಂದ ಸಂಖ್ಯೆ, ಒಂದು ಕಾಲದಲ್ಲಿ ಅದು ನಾಚಿಕೆಯಾಗುವಷ್ಟು ತಪ್ಪಾಗಿತ್ತು. ಆ ತಪ್ಪನ್ನು ಕಲಿಸದೆ ಬರಿಯ ಸಂಖ್ಯೆಯನ್ನು ಕಲಿಸಿದರೆ ನಾವು ಮಕ್ಕಳಿಗೆ ಕೊಡುವುದು ಎರಡನೆಯ ಸಂಕಲ್ಪ ಮಾತ್ರ.

ಹಾಗಾಗಿ ವಿಶ್ವದ ಹುಟ್ಟಿನ ಪಾಠವನ್ನು ನಾನು ಈಗ ಮಹಾಸ್ಫೋಟದಿಂದ ಆರಂಭಿಸುವುದಿಲ್ಲ. ಪಾಠದ ನಡುವೆ ನಿಲ್ಲುವುದು ವಿಶ್ವದ ವಯಸ್ಸು 200 ಕೋಟಿ ವರ್ಷ ಎಂದು ಲೆಕ್ಕ ಹೇಳುತ್ತಿದ್ದ ಕಾಲ.

ದೂರ ಮತ್ತು ವೇಗ

ಆ ಲೆಕ್ಕಕ್ಕೆ ಬೇಕಾದದ್ದು ಎರಡೇ ಅಳತೆ, ಗೆಲಾಕ್ಸಿಗಳ ದೂರ ಮತ್ತು ಅವುಗಳ ವೇಗ. ದೂರದ ಅಳತೆಗೋಲನ್ನು ಕೊಟ್ಟವರು ಹಾರ್ವರ್ಡ್ ವೀಕ್ಷಣಾಲಯದಲ್ಲಿ ಛಾಯಾಫಲಕಗಳ ಮೇಲಿನ ಚುಕ್ಕೆಗಳನ್ನು ಅಳೆಯುತ್ತಿದ್ದ ಹೆನ್ರಿಯೆಟಾ ಲೆವಿಟ್. ಕ್ಷೀರಪಥದ ಪಕ್ಕದ ಪುಟ್ಟ ಗೆಲಾಕ್ಸಿಯಾದ ಚಿಕ್ಕ ಮೆಗಲನ್ ಮೋಡದಲ್ಲಿ ಮಿನುಗು ಏರಿಳಿಯುವ 25 ಸೆಫೀಡ್ ತಾರೆಗಳನ್ನು ಪರಿಶೀಲಿಸಿ, ನಿಧಾನವಾಗಿ ಏರಿಳಿಯುವ ತಾರೆ ಹೆಚ್ಚು ಪ್ರಕಾಶಮಾನವಾಗಿರುತ್ತದೆ ಎಂಬುದನ್ನು 1912ರಲ್ಲಿ ಅವರು ತೋರಿಸಿಕೊಟ್ಟರು. ಒಂದೇ ಮೋಡದ ತಾರೆಗಳನ್ನು ಏಕೆ ಆರಿಸಿಕೊಂಡರು ಎಂದು ಕೇಳಿ ನಾನು ಸುಮ್ಮನಿದ್ದುಬಿಡುತ್ತೇನೆ. ಅವೆಲ್ಲವೂ ನಮ್ಮಿಂದ ಹೆಚ್ಚುಕಡಿಮೆ ಒಂದೇ ದೂರದಲ್ಲಿರುವುದರಿಂದ, ಪ್ರಕಾಶದಲ್ಲಿ ಕಾಣುವ ವ್ಯತ್ಯಾಸ ನಿಜವಾದ ವ್ಯತ್ಯಾಸವೇ ಎಂಬುದು ಯಾರಾದರೊಬ್ಬರಿಗೆ ಹೊಳೆಯುತ್ತದೆ. ಅದು ಹೊಳೆದ ಮೇಲೆ ಉಳಿದದ್ದೆಲ್ಲ ಸುಲಭ. ತಾರೆಯ ಏರಿಳಿತದ ಅವಧಿಯಿಂದ ಅದರ ನಿಜವಾದ ಪ್ರಕಾಶ ತಿಳಿಯುತ್ತದೆ, ಆ ಪ್ರಕಾಶವನ್ನು ನಮಗೆ ಕಾಣುವ ಮಂಕಿನೊಂದಿಗೆ ಹೋಲಿಸಿದರೆ ದೂರ ಸಿಗುತ್ತದೆ. 1923ರಲ್ಲಿ ಎಡ್ವಿನ್ ಹಬಲ್ ಮೋಡದಂತೆ ಮಂಕಾಗಿ ಕಾಣುವ ದೇವಯಾನಿ (ಆಂಡ್ರೊಮಿಡಾ) ನೀಹಾರಿಕೆಯೊಳಗೆ ಇಂಥದೊಂದು ತಾರೆಯನ್ನು ಕಂಡಾಗ, ಅದು ನಮ್ಮ ಕ್ಷೀರಪಥದ ಹೊರಗಿರುವ ಇನ್ನೊಂದು ಗೆಲಾಕ್ಸಿ ಎಂಬುದು ಖಚಿತವಾಯಿತು. ಅದರ ದೂರ ಸುಮಾರು 9 ಲಕ್ಷ ಜ್ಯೋತಿರ್ವರ್ಷ ಎಂದು ಅವರ ಲೆಕ್ಕ ಹೇಳಿತು. ಈ ಸಂಖ್ಯೆಯನ್ನು ನೋಟ್‌ಬುಕ್ಕಿನ ಅಂಚಿನಲ್ಲಿ ಬರೆದಿಟ್ಟುಕೊಳ್ಳಲು ಮಕ್ಕಳಿಗೆ ಹೇಳುತ್ತೇನೆ.

ವೇಗದ ಕಥೆಯಲ್ಲಿ ನನಗೆ ಇಷ್ಟವಾಗುವ ವ್ಯಕ್ತಿ ವೆಸ್ಟೊ ಸ್ಲೈಫರ್. ಅಮೆರಿಕದ ಅರಿಜೋನಾದಲ್ಲಿರುವ ಲೊವೆಲ್ ವೀಕ್ಷಣಾಲಯದಲ್ಲಿ ಅವರು ಮಂಕಾದ ನೀಹಾರಿಕೆಗಳ ರೋಹಿತವನ್ನು, ಅಂದರೆ ಬಣ್ಣಗಳಾಗಿ ಬಿಡಿಸಿದ ಬೆಳಕನ್ನು, ಗಂಟೆಗಟ್ಟಲೆ ಬೆಳಕು ಹಿಡಿದು ದಾಖಲಿಸುತ್ತಿದ್ದರು. 1912ರಲ್ಲಿ ಅವರಿಗೆ ಸಿಕ್ಕ ಮೊದಲ ಫಲಿತಾಂಶವನ್ನಷ್ಟೇ ನಾನು ತರಗತಿಯಲ್ಲಿ ಹೇಳಿ ನಿಲ್ಲಿಸುತ್ತೇನೆ. ದೇವಯಾನಿಯ ರೋಹಿತದ ಗೆರೆಗಳು ನೀಲಿಯ ಕಡೆಗೆ ಸರಿದಿದ್ದವು, ಅಂದರೆ ಅದು ಸೆಕೆಂಡಿಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ನಮ್ಮತ್ತ ಬರುತ್ತಿತ್ತು. ಇಷ್ಟರಿಂದ ನೀವು ಏನು ತೀರ್ಮಾನಿಸುತ್ತೀರಿ ಎಂದರೆ ಎಲ್ಲವೂ ನಮ್ಮ ಮೇಲೆ ಬಂದು ಬೀಳಲಿವೆ ಎಂದು ಮಕ್ಕಳು ಖುಷಿಯಿಂದ ಹೇಳುತ್ತಾರೆ. ಇನ್ನಷ್ಟು ಅಳತೆ ಬೇಕು ಎಂದು ಕೇಳುವವರು ಅಪರೂಪ. ಸ್ಲೈಫರ್ ಅಳೆಯುತ್ತಲೇ ಹೋದರು. 1917ರ ಹೊತ್ತಿಗೆ ಅವರು ನೋಡಿದ್ದ 25 ನೀಹಾರಿಕೆಗಳಲ್ಲಿ 21 ನಮ್ಮಿಂದ ದೂರ ಹೋಗುತ್ತಿದ್ದವು. 1929ರಲ್ಲಿ ಹಬಲ್ ದೂರ ಮತ್ತು ವೇಗಗಳನ್ನು ಒಂದೇ ನಕ್ಷೆಯಲ್ಲಿಟ್ಟು, ದೂರ ಹೆಚ್ಚಿದಷ್ಟೂ ವೇಗ ಹೆಚ್ಚುತ್ತದೆ ಎಂದು ತೋರಿಸಿದಾಗ ಅವರು ಬಳಸಿದ ವೇಗಗಳಲ್ಲಿ ಬಹುಪಾಲು ಸ್ಲೈಫರ್ ಅಳೆದವು. ಅದಕ್ಕೂ ಎರಡು ವರ್ಷ ಮೊದಲು ಬೆಲ್ಜಿಯಂನ ಪಾದ್ರಿ ಮತ್ತು ಭೌತವಿಜ್ಞಾನಿ ಜಾರ್ಜ್ ಲಮೇತ್ರ್, ಐನ್‌ಸ್ಟೈನರ ಸಮೀಕರಣಗಳಿಂದ ಇದೇ ಸಂಬಂಧವನ್ನು ಪಡೆದು ಫ್ರೆಂಚ್ ಭಾಷೆಯಲ್ಲಿ ಪ್ರಕಟಿಸಿದ್ದರು. ಆ ನಿಯಮಕ್ಕೆ ಲಮೇತ್ರ್ ಹೆಸರನ್ನೂ ಸೇರಿಸಬೇಕೆಂದು ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಮತ ಹಾಕಿ ಶಿಫಾರಸು ಮಾಡಿದ್ದು 2018ರಲ್ಲಿ.

ವಿಸ್ತರಣೆಯನ್ನು ವಿವರಿಸಲು ಎಲ್ಲರೂ ಬಲೂನು ಊದುತ್ತಾರೆ. ಬಲೂನಿನ ಹೊರಗೆ ಏನಿದೆ, ಅದನ್ನು ಊದುತ್ತಿರುವವರು ಯಾರು ಎಂಬ ಪ್ರಶ್ನೆಗಳಲ್ಲೇ ಅರ್ಧ ಅವಧಿ ಕಳೆದುಹೋಗುವುದರಿಂದ ನಾನು ಅದನ್ನು ಬಿಟ್ಟು, ಚಿಕ್ಕಪೇಟೆಯಿಂದ ತಂದ ಅಗಲವಾದ ಎಲಾಸ್ಟಿಕ್ ಪಟ್ಟಿಯ ಮೇಲೆ ಸಮದೂರದಲ್ಲಿ ಗುರುತು ಹಾಕಿಸುತ್ತೇನೆ. ಪ್ರತಿ ಮಗುವೂ ಒಂದೊಂದು ಗುರುತನ್ನು ತನ್ನ ಮನೆಯೆಂದು ಆರಿಸಿಕೊಂಡು, ಪಟ್ಟಿಯನ್ನು ಎಳೆಯುವ ಮೊದಲು ಮತ್ತು ಎಳೆದ ಮೇಲೆ ಉಳಿದ ಗುರುತುಗಳ ದೂರವನ್ನು ಸ್ಕೇಲಿನಿಂದ ಅಳೆಯಬೇಕು. ಯಾರ ಮನೆಯಿಂದ ನೋಡಿದರೂ ಎರಡು ಪಟ್ಟು ದೂರದ ಗುರುತು ಎರಡು ಪಟ್ಟು ಸರಿದಿರುತ್ತದೆ. ಹಾಗಾದರೆ ನಡುವೆ ಇರುವವರು ಯಾರು ಎಂಬ ಪ್ರಶ್ನೆ ಹುಟ್ಟುವುದೂ ಅಲ್ಲೇ, ಬಿದ್ದುಹೋಗುವುದೂ ಅಲ್ಲೇ.

ಲಾಲ್‌ಬಾಗಿನಲ್ಲಿ ಒಂದು ಭಾಗಾಕಾರ

ಮುಂದಿನ ಪಾಠಕ್ಕೆ ಮಕ್ಕಳನ್ನು ಲಾಲ್‌ಬಾಗಿಗೆ ಕರೆದುಕೊಂಡು ಹೋಗುತ್ತೇನೆ. ಕೆಂಪೇಗೌಡ ಗೋಪುರ ನಿಂತಿರುವ ಬಂಡೆಯನ್ನು ಬೆಂಗಳೂರಿನ ಮಕ್ಕಳೆಲ್ಲ ಹತ್ತಿ ಜಾರಿ ಆಡಿರುತ್ತಾರೆ. ಅಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ನಿಲ್ಲಿಸಿರುವ ಫಲಕವನ್ನು ಓದಿರುವವರು ಮಾತ್ರ ಕಡಿಮೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವಾದ ಈ ಪೆನಿನ್ಸುಲಾರ್ ನೈಸ್ ಶಿಲೆಯ ವಯಸ್ಸು ಸುಮಾರು 300 ಕೋಟಿ ವರ್ಷ. ಮೊದಲ ಸಲ ಹೋದಾಗ ಬಿಸಿಲು ಏರಿ ಬಂಡೆ ಕಾಯತೊಡಗಿತ್ತು, ಮಕ್ಕಳು ಬ್ಯಾಗನ್ನೇ ಮಣೆ ಮಾಡಿಕೊಂಡು ಕುಳಿತಿದ್ದರು. ಗೋಪುರದ ಪಕ್ಕದಲ್ಲಿ ವಿಶ್ರಮಿಸುತ್ತಿದ್ದ ಹಿರಿಯರೊಬ್ಬರು 'ಏನಮ್ಮಾ, ಇಲ್ಲೂ ಪಾಠಾನಾ?' ಎಂದು ನಕ್ಕು, ಕೊನೆಯವರೆಗೂ ಎದ್ದು ಹೋಗದೆ ಕೇಳಿಸಿಕೊಂಡರು. ನಾನು ಕೊಟ್ಟದ್ದು ಹಬಲ್ ಅವರ ಒಂದೇ ಒಂದು ಸಂಖ್ಯೆ. ಒಂದು ಮೆಗಾಪಾರ್ಸೆಕ್, ಅಂದರೆ ಸುಮಾರು 32.6 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿರುವ ಗೆಲಾಕ್ಸಿ ಸೆಕೆಂಡಿಗೆ 500 ಕಿಲೋಮೀಟರ್ ವೇಗದಲ್ಲಿ ದೂರ ಹೋಗುತ್ತಿದೆ. ಅದು ಮೊದಲಿನಿಂದಲೂ ಅದೇ ವೇಗದಲ್ಲಿ ಸಾಗಿದ್ದರೆ, ನಾವೂ ಅದೂ ಒಟ್ಟಿಗೇ ಇದ್ದದ್ದು ಎಷ್ಟು ಕಾಲದ ಹಿಂದೆ? ದೂರವನ್ನು ವೇಗದಿಂದ ಭಾಗಿಸುವುದು ಏಳನೇ ತರಗತಿಯ ಮಕ್ಕಳಿಗೂ ಬರುತ್ತದೆ. ಸೊನ್ನೆಗಳನ್ನು ಎಣಿಸುವುದರಲ್ಲಿ ಸ್ವಲ್ಪ ಜಗಳವಾಗಿ, ಕೊನೆಗೆ ಎಲ್ಲರ ನೋಟ್‌ಬುಕ್ಕಿನಲ್ಲೂ ಒಂದೇ ಉತ್ತರ ಬಂತು: ಸುಮಾರು 200 ಕೋಟಿ ವರ್ಷ.

'ಅಂದ್ರೆ ನಾವು ಕೂತಿರೋ ಈ ಬಂಡೆ ವಿಶ್ವಕ್ಕಿಂತ ಮೊದಲೇ ಹುಟ್ಟಿತ್ತಾ ಮೇಡಂ?' ಎಂದು ಒಬ್ಬಳು ಕೇಳಿದಳು. ಅಲ್ಲಿಂದ ಮುಂದೆ ನಾನು ಪಾಠ ಮಾಡುವ ಅಗತ್ಯವೇ ಬೀಳಲಿಲ್ಲ. ಬಂಡೆಯ ವಯಸ್ಸೇ ತಪ್ಪಿರಬೇಕು ಎಂದು ಒಂದು ಗುಂಪು ಹೇಳಿತು. ಅವರಿಗಾಗಿ ಯುರೇನಿಯಂ ಕ್ಷಯಿಸಿ ಸೀಸವಾಗುವ ಗಡಿಯಾರವನ್ನು ವಿವರಿಸಬೇಕಾಯಿತು. ಯುರೇನಿಯಂ 238ರ ಅರ್ಧ ಉಳಿಯಲು ಸುಮಾರು 447 ಕೋಟಿ ವರ್ಷ ಬೇಕು, ಬಿಸಿಲು ಮಳೆ ಒತ್ತಡ ಯಾವುದಕ್ಕೂ ಆ ಗತಿ ಬದಲಾಗುವುದಿಲ್ಲ. ಹಬಲ್ ಅಳತೆ ತಪ್ಪಿರಬೇಕು ಎಂದು ಇನ್ನೊಂದು ಗುಂಪು ವಾದಿಸಿತು. ಇಬ್ಬರೂ ಸರಿಯಿರಬಹುದು, ಗೆಲಾಕ್ಸಿಗಳು ಮೊದಲು ನಿಧಾನವಾಗಿ ಸರಿದು ಆಮೇಲೆ ಜೋರಾಗಿ ಹೋಗಿರಬಹುದಲ್ಲ ಎಂದು ಒಬ್ಬ ಹುಡುಗ ಮೆಲ್ಲಗೆ ಹೇಳಿದ. ಅಂದಿನ ತೊಡಕನ್ನು ಬಿಡಿಸಲು ಲಮೇತ್ರ್ ಮುಂದಿಟ್ಟದ್ದೂ ಇದೇ ಬಗೆಯ ಮಾದರಿ, ವಿಸ್ತರಣೆ ನಡುವೆ ಬಹುಕಾಲ ನಿಧಾನಿಸಿ ಮತ್ತೆ ವೇಗ ಪಡೆಯಿತು ಎಂದು. ಅದನ್ನು ಹೇಳಿದಾಗ ಆ ಹುಡುಗನ ಮುಖ ಅರಳಿತು. ಆದರೆ ಲಮೇತ್ರ್ ಹೇಳಿದ ಮಾತ್ರಕ್ಕೆ ಅದು ಸರಿಯಾಗುವುದಿಲ್ಲ ಎಂಬುದನ್ನೂ ಅಲ್ಲೇ ಸೇರಿಸಬೇಕಾಯಿತು.

1930 ಮತ್ತು 40ರ ದಶಕಗಳ ಖಗೋಳವಿಜ್ಞಾನಿಗಳು ಈ ಬಂಡೆಯ ಮೇಲೆ ಕುಳಿತಿರಲಿಲ್ಲ. ಆದರೆ ಇಂಥದೇ ಹಳೆಯ ಶಿಲೆಗಳು ಅವರಿಗೂ ಗೊತ್ತಿದ್ದವು, ತೊಡಕೂ ಇದೇ ಆಗಿತ್ತು. 1948ರಲ್ಲಿ ಹರ್ಮನ್ ಬಾಂಡಿ, ಥಾಮಸ್ ಗೋಲ್ಡ್ ಮತ್ತು ಫ್ರೆಡ್ ಹಾಯ್ಲ್ ಮಂಡಿಸಿದ ಸ್ಥಿರಸ್ಥಿತಿ ಸಿದ್ಧಾಂತಕ್ಕೆ ಬಲ ಬಂದದ್ದರಲ್ಲಿ ಈ ತೊಡಕಿಗೂ ಪಾಲಿತ್ತು. ವಿಶ್ವಕ್ಕೆ ಆರಂಭವೇ ಇಲ್ಲ, ಅದು ಹಿಗ್ಗಿದಂತೆಲ್ಲ ನಡುವಿನ ಜಾಗದಲ್ಲಿ ಹೊಸ ದ್ರವ್ಯ ಹುಟ್ಟುತ್ತಿರುತ್ತದೆ ಎಂದರೆ ವಯಸ್ಸಿನ ಪ್ರಶ್ನೆಯೇ ಏಳುವುದಿಲ್ಲ. ಹಾಯ್ಲ್ ಅವರ ಶಿಷ್ಯರಾಗಿದ್ದ ನಮ್ಮ ಜಯಂತ ನಾರ್ಳೀಕರ್ ಕೊನೆಯವರೆಗೂ ಮಹಾಸ್ಫೋಟವನ್ನು ಪ್ರಶ್ನಿಸುತ್ತಲೇ ಇದ್ದರು. ಸೋತ ಸಿದ್ಧಾಂತವನ್ನು ಪಠ್ಯಗಳು ಒಂದು ಸಾಲಿನಲ್ಲಿ ತಳ್ಳಿಹಾಕುವುದು ನನಗೆ ಸರಿಯೆನಿಸುವುದಿಲ್ಲ. ಅದು ಆ ಹೊತ್ತಿನ ಸಾಕ್ಷ್ಯಕ್ಕೆ ಜಾಣ ಉತ್ತರವಾಗಿತ್ತು, ಅದನ್ನು ಕೆಡವಲು ಹೊಸ ಸಾಕ್ಷ್ಯವೇ ಬರಬೇಕಾಯಿತು.

ದೀಪ ಆರಿದ ನಗರ

ಹಾಗಾದರೆ ತಪ್ಪು ಎಲ್ಲಿತ್ತು? ಈ ಭಾಗವನ್ನು ನಾನು ಅವಸರವಿಲ್ಲದೆ ಹೇಳುತ್ತೇನೆ. ವಾಲ್ಟರ್ ಬಾಡೆ ಎಂಬ ಜರ್ಮನ್ ಮೂಲದ ಖಗೋಳವಿಜ್ಞಾನಿ ಎರಡನೇ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ಪಕ್ಕದ ಮೌಂಟ್ ವಿಲ್ಸನ್ ವೀಕ್ಷಣಾಲಯದಲ್ಲಿದ್ದರು. ಶತ್ರು ರಾಷ್ಟ್ರದ ಪ್ರಜೆಯಾಗಿದ್ದುದರಿಂದ ಯುದ್ಧದ ಕೆಲಸಕ್ಕೆ ಅವರನ್ನು ಕರೆಯಲಿಲ್ಲ. ಉಳಿದವರು ಆ ಕೆಲಸಕ್ಕೆ ಹೋಗಿದ್ದರು, 100 ಅಂಗುಲದ ದೂರದರ್ಶಕ ಬಿಡುವಾಗಿತ್ತು. ವೈಮಾನಿಕ ದಾಳಿಯ ಭಯದಿಂದ ಕೆಳಗಿನ ನಗರ ದೀಪ ಆರಿಸಿಕೊಂಡಿತ್ತು. ಆ ಕತ್ತಲೆಯಲ್ಲಿ ಅವರು ದೇವಯಾನಿಯ ನಡುಭಾಗದ ತಾರೆಗಳನ್ನು ಬಿಡಿಬಿಡಿಯಾಗಿ ಹಿಡಿದು, ಗೆಲಾಕ್ಸಿಗಳಲ್ಲಿ ಎರಡು ಬಗೆಯ ತಾರಾಸಮೂಹಗಳಿವೆ ಎಂದು ಗುರುತಿಸಿದರು. (ಇದನ್ನು ಹೇಳುವಾಗ ನಮ್ಮ ಮಕ್ಕಳಿಗೆ ನಿಜವಾದ ಕತ್ತಲೆ ಎಂದರೇನೆಂದು ವಿವರಿಸಬೇಕಾಗುತ್ತದೆ. ಕರೆಂಟು ಹೋದರೂ ಅಪಾರ್ಟ್‌ಮೆಂಟಿನ ಜನರೇಟರ್ ಶುರುವಾಗುವ ಊರಿನಲ್ಲಿ ಕ್ಷೀರಪಥವನ್ನು ಕಣ್ಣಾರೆ ಕಂಡ ಮಗು ಸಿಗುವುದು ಕಷ್ಟ.) ಮುಂದೆ ಪಾಲೋಮರ್‌ನ 200 ಅಂಗುಲದ ದೂರದರ್ಶಕ ಸಿದ್ಧವಾದಾಗ, ಹಬಲ್ ಹೇಳಿದ್ದ ದೂರ ಸರಿಯಿದ್ದರೆ ದೇವಯಾನಿಯಲ್ಲಿ ಆರ್‌ಆರ್ ಲೈರೆ ಎಂಬ ಬಗೆಯ ತಾರೆಗಳು ಕಾಣಿಸಬೇಕಿತ್ತು, ಕಾಣಿಸಲಿಲ್ಲ. ಅಂದರೆ ದೇವಯಾನಿ ಹಬಲ್ ಹೇಳಿದ್ದಕ್ಕಿಂತ ದೂರದಲ್ಲಿತ್ತು. ಸೆಫೀಡ್‌ಗಳಲ್ಲೂ ಎರಡು ಬಗೆಯಿವೆ, ಹಬಲ್ ದೇವಯಾನಿಯಲ್ಲಿ ಕಂಡವು ಅವರು ಎಣಿಸಿದ್ದಕ್ಕಿಂತ ಸುಮಾರು ನಾಲ್ಕು ಪಟ್ಟು ಪ್ರಕಾಶಮಾನ ಎಂದು ಬಾಡೆ 1952ರಲ್ಲಿ ಪ್ರಕಟಿಸಿದರು. ಪ್ರಕಾಶ ನಾಲ್ಕು ಪಟ್ಟಾದರೆ ದೂರ ಎಷ್ಟು ಪಟ್ಟು ಎಂಬ ಲೆಕ್ಕವನ್ನು ಮಕ್ಕಳೇ ಮಾಡುತ್ತಾರೆ. ಅಂಚಿನಲ್ಲಿ ಬರೆದಿಟ್ಟಿದ್ದ 9 ಲಕ್ಷವನ್ನು ಹೊಡೆದುಹಾಕಿ 18 ಲಕ್ಷ ಎಂದು ಬರೆಯುತ್ತಾರೆ. ಇಂದಿನ ಅಳತೆ ಸುಮಾರು 25 ಲಕ್ಷ ಜ್ಯೋತಿರ್ವರ್ಷ.

ದೂರ ಇಮ್ಮಡಿಯಾದರೆ ವಯಸ್ಸೂ ಇಮ್ಮಡಿ, ಅಂದರೆ ಸುಮಾರು 400 ಕೋಟಿ ವರ್ಷ. ಲಾಲ್‌ಬಾಗಿನ ಬಂಡೆ ಪಾರಾಯಿತು. ಆದರೆ 1956ರಲ್ಲಿ ಕ್ಲೇರ್ ಪ್ಯಾಟರ್ಸನ್ ಉಲ್ಕಾಶಿಲೆಗಳ ಸೀಸವನ್ನು ಅಳೆದು ಭೂಮಿಯ ವಯಸ್ಸು 455 ಕೋಟಿ ವರ್ಷ ಎಂದು ಖಚಿತಪಡಿಸಿದ ಮೇಲೆ ಇಡೀ ಭೂಮಿಯೇ ಸಾಲದಾಯಿತು. 1958ರಲ್ಲಿ ಅಲನ್ ಸ್ಯಾಂಡೇಜ್, ದೂರದ ಗೆಲಾಕ್ಸಿಗಳಲ್ಲಿ ಹಬಲ್ ಅತ್ಯಂತ ಪ್ರಕಾಶಮಾನ ತಾರೆಗಳೆಂದು ಬಗೆದಿದ್ದ ಚುಕ್ಕೆಗಳಲ್ಲಿ ಹಲವು ಹೊಳೆಯುವ ಅನಿಲದ ಮೋಡಗಳೆಂದು ತೋರಿಸಿ, 500ರ ಜಾಗಕ್ಕೆ ಸುಮಾರು 75 ಎಂಬ ಸಂಖ್ಯೆಯನ್ನು ತಂದರು. ಅದೇ ಭಾಗಾಕಾರ ಈಗ 1300 ಕೋಟಿ ಎನ್ನುತ್ತದೆ.

ಪಾರಿವಾಳಗಳನ್ನು ಬಿಟ್ಟು

ಸ್ಥಿರಸ್ಥಿತಿ ಸಿದ್ಧಾಂತವನ್ನು ಕೆಡವಿದ ಆ ಹೊಸ ಸಾಕ್ಷ್ಯ ಹಿನ್ನೆಲೆ ವಿಕಿರಣ, ಅಂದರೆ ಮಹಾಸ್ಫೋಟದ ನಂತರದ ಬಿಸಿ ವಿಶ್ವದಿಂದ ಉಳಿದು ಈಗ ತಣ್ಣಗಾಗಿರುವ ಬೆಳಕು. ಅದರ ಕಥೆ ಎಲ್ಲರಿಗೂ ಗೊತ್ತು. 1964ರಲ್ಲಿ ನ್ಯೂಜೆರ್ಸಿಯ ಹೋಮ್‌ಡೆಲ್‌ನಲ್ಲಿ ಆರ್ನೋ ಪೆಂಜಿಯಾಸ್ ಮತ್ತು ರಾಬರ್ಟ್ ವಿಲ್ಸನ್ ಕೊಂಬಿನಾಕಾರದ ಆಂಟೆನಾದಲ್ಲಿ ತೊಲಗದ ಗದ್ದಲವನ್ನು ಕಂಡರು, ಒಳಗೆ ಗೂಡು ಕಟ್ಟಿದ್ದ ಪಾರಿವಾಳಗಳನ್ನು ಓಡಿಸಿ ಹಿಕ್ಕೆ ತೊಳೆದರೂ ಅದು ಹೋಗಲಿಲ್ಲ. ಬಾಲ್ಕನಿಗೆಲ್ಲ ಪಾರಿವಾಳದ ಬಲೆ ಕಟ್ಟಿಸಿರುವ ಬೆಂಗಳೂರಿನಲ್ಲಿ ಈ ಪ್ರಸಂಗ ನಗೆ ತರಿಸದೆ ಇರುವುದಿಲ್ಲ, ಆ ನಗೆಯಲ್ಲಿ ಮುಖ್ಯವಾದದ್ದು ಮುಚ್ಚಿಹೋಗುತ್ತದೆ. ನನಗೆ ಮುಖ್ಯವೆನಿಸುವುದು ಅವರು ಒಂದೊಂದಾಗಿ ಹೊರಗಿಟ್ಟ ಕಾರಣಗಳ ಪಟ್ಟಿ. ನ್ಯೂಯಾರ್ಕ್ ನಗರದತ್ತ ತಿರುಗಿಸಿದರೂ ಗದ್ದಲ ಅಷ್ಟೇ ಇತ್ತು, ಕ್ಷೀರಪಥದಿಂದ ಆಚೆಗೆ ತಿರುಗಿಸಿದರೂ ಅಷ್ಟೇ, ಋತು ಬದಲಾದರೂ ಅಷ್ಟೇ. ಎಲ್ಲ ದಿಕ್ಕಿನಿಂದಲೂ ಸುಮಾರು 3.5 ಕೆಲ್ವಿನ್ ತಾಪಕ್ಕೆ ಸಮನಾದ ಗದ್ದಲ. ಐವತ್ತು ಕಿಲೋಮೀಟರ್ ಆಚೆಗಿನ ಪ್ರಿನ್ಸ್‌ಟನ್‌ನಲ್ಲಿ ರಾಬರ್ಟ್ ಡಿಕಿ ಅವರ ತಂಡ ಇದನ್ನೇ ಹುಡುಕಲು ಉಪಕರಣ ಕಟ್ಟುತ್ತಿತ್ತು. ರಾಲ್ಫ್ ಆಲ್ಫರ್ ಮತ್ತು ರಾಬರ್ಟ್ ಹರ್ಮನ್ 1948ರಲ್ಲೇ ಸುಮಾರು 5 ಕೆಲ್ವಿನ್ ಎಂದು ಲೆಕ್ಕ ಹಾಕಿದ್ದರು. ಅದಕ್ಕಿಂತ ಕಾಡುವ ಸಂಗತಿ ಇನ್ನೊಂದಿದೆ. 1941ರಲ್ಲಿ ಕೆನಡಾದ ಆ್ಯಂಡ್ರ್ಯೂ ಮೆಕೆಲರ್, ತಾರೆಗಳ ನಡುವಿನ ಸಯನೋಜನ್ ಅಣುಗಳು ಸುಮಾರು 2.3 ಕೆಲ್ವಿನ್ ತಾಪದಲ್ಲಿರುವಂತೆ ಕಾಣುತ್ತವೆ ಎಂದು ಅಳೆದಿದ್ದರು. ಅಳತೆ ಕೈಯಲ್ಲಿತ್ತು, ಅದು ಯಾವ ಪ್ರಶ್ನೆಗೆ ಉತ್ತರ ಎಂಬುದು ಯಾರಿಗೂ ಗೊತ್ತಿರಲಿಲ್ಲ. ಪಾರಿವಾಳಕ್ಕೆ ಕೊಡುವ ಐದು ನಿಮಿಷದಲ್ಲಿ ನಾಲ್ಕನ್ನು ನಾನು ಮೆಕೆಲರ್ ಅವರಿಗೆ ಕೊಡುತ್ತೇನೆ.

ಕೆರೆಯಲ್ಲಿ ತೇಲಿದ ಆಂಟೆನಾ

ಇಷ್ಟಾದ ಮೇಲೂ ಮಕ್ಕಳಲ್ಲಿ ಇದೆಲ್ಲ ದೂರದ ದೇಶದ, ಕಪ್ಪು ಬಿಳುಪು ಚಿತ್ರಗಳ ಕಾಲದ ಮಾತು ಎಂಬ ಭಾವ ಉಳಿದಿರುತ್ತದೆ. ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆಯ ಕಾಂಪೌಂಡಿನ ಮುಂದೆ ಬಸ್ಸಿನಲ್ಲಿ ಹೋಗುವ ಮಕ್ಕಳಿಗೆ ಒಳಗೆ ಏನು ನಡೆಯುತ್ತದೆಂದು ಗೊತ್ತಿರುವುದಿಲ್ಲ. ಮೊದಲ ತಾರೆಗಳು ಬೆಳಗತೊಡಗಿದ ಕಾಲದಲ್ಲಿ ಹೈಡ್ರೋಜನ್ ಅನಿಲ ಬಿಟ್ಟುಹೋಗಿರಬಹುದಾದ ಗುರುತು (ರೇಡಿಯೊ ಸಂಕೇತದಲ್ಲಿ ಒಂದು ತಗ್ಗು) ಪಶ್ಚಿಮ ಆಸ್ಟ್ರೇಲಿಯಾದ ಎಡ್ಜಸ್ ಉಪಕರಣಕ್ಕೆ 78 ಮೆಗಾಹರ್ಟ್ಸ್‌ನಲ್ಲಿ ಸಿಕ್ಕಿದೆ ಎಂಬ ವರದಿ 2018ರಲ್ಲಿ ಬಂತು. ಹೈಡ್ರೋಜನ್ನಿನ ಮೂಲ ಆವರ್ತಾಂಕ 1420 ಮೆಗಾಹರ್ಟ್ಸ್. ಭಾಗಿಸಿದರೆ 18 ಬರುತ್ತದೆ, ಅಂದರೆ ಆ ಅಲೆ ಹೊರಟಾಗಿನಿಂದ ನಮ್ಮ ಎಲಾಸ್ಟಿಕ್ ಪಟ್ಟಿ 18 ಪಟ್ಟು ಹಿಗ್ಗಿದೆ. ಗುರುತು ನಿರೀಕ್ಷೆಗಿಂತ ಬಹಳ ಆಳವಾಗಿದ್ದುದರಿಂದ ಬೆಳಕು ಸೂಸದ ಕಪ್ಪು ದ್ರವ್ಯದ ಬಗ್ಗೆ ಹೊಸ ಸಿದ್ಧಾಂತಗಳೇ ಹುಟ್ಟಿಕೊಂಡವು. ರಾಮನ್ ಸಂಸ್ಥೆಯ ತಂಡ ತಾನೇ ವಿನ್ಯಾಸಗೊಳಿಸಿದ ಸರಸ್ 3 ಎಂಬ ರೇಡಿಯೊ ದೂರದರ್ಶಕವನ್ನು 2020ರ ಆರಂಭದಲ್ಲಿ ತೆಪ್ಪದ ಮೇಲಿಟ್ಟು ದಂಡಿಗಾನಹಳ್ಳಿ ಕೆರೆಯಲ್ಲೂ ಶರಾವತಿಯ ಹಿನ್ನೀರಿನಲ್ಲೂ ತೇಲಿಬಿಟ್ಟಿತು. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು ಕಲ್ಲುಗಳ ಪದರಗಳಿಂದ ಬರುವ ಅಡ್ಡಿಯನ್ನು ಲೆಕ್ಕಕ್ಕೆ ಹಿಡಿಯುವುದು ಕಷ್ಟ, ನೀರಾದರೆ ಎಲ್ಲೆಡೆ ಒಂದೇ ಸಮ. ಊರಿನೊಳಗೆ ಈ ಕೆಲಸ ಆಗದು ಏಕೆಂದು ಮಕ್ಕಳನ್ನೇ ಕೇಳಬಹುದು, 78ರ ಮೇಲೆ ಸ್ವಲ್ಪ ದೂರದಲ್ಲೇ ಅವರಿಗೆ ಪರಿಚಯವಿರುವ ಎಫ್‌ಎಂ ಕೇಂದ್ರಗಳ ಸಾಲು ಶುರುವಾಗುತ್ತದೆ. ಎಡ್ಜಸ್ ಕಂಡ ಆಕಾರದ ಗುರುತು ತಮ್ಮ ದತ್ತಾಂಶದಲ್ಲಿ ಇಲ್ಲ, ಅದು ಆಕಾಶದಿಂದ ಬಂದದ್ದಲ್ಲ ಎಂದು ಆ ತಂಡ 2022ರಲ್ಲಿ ಪ್ರಕಟಿಸಿತು. ಅದನ್ನು ಕಂಡುಹಿಡಿಯುವಿಕೆ ಎನ್ನಬಹುದೇ ಎಂದು ಮಕ್ಕಳು ಜಗಳವಾಡುತ್ತಾರೆ. ಏನನ್ನೂ ಕಾಣದೆ ಇರುವುದಕ್ಕೂ ಅಷ್ಟು ಶ್ರಮ ಬೇಕೇ ಎಂಬುದು ಅವರ ತಕರಾರು. ನನ್ನ ಮಟ್ಟಿಗೆ ಇಡೀ ವರ್ಷದ ಅತ್ಯುತ್ತಮ ಚರ್ಚೆ ನಡೆಯುವುದು ಆ ಶನಿವಾರ.

ಈ ವರ್ಷದ ಗುಂಪು ಈಗ ಕೊನೆಯ ಭಾಗಕ್ಕೆ ಬಂದಿದೆ. 500ರಿಂದ ಆರಂಭವಾದ ಸಂಖ್ಯೆ ಇಂದಿಗೂ ಒಂದು ಕಡೆ ನಿಂತಿಲ್ಲ ಎಂದು ಹೇಳಿ, ಪ್ಲ್ಯಾಂಕ್ ಉಪಗ್ರಹ ಹಿನ್ನೆಲೆ ವಿಕಿರಣದಿಂದ ಪಡೆದ 67.4 ಹಾಗೂ ಸೆಫೀಡ್ ಮತ್ತು ಸೂಪರ್‌ನೋವಾಗಳ (ಸಿಡಿಯುವ ತಾರೆಗಳ) ಅಳತೆಯಿಂದ ಬರುವ ಸುಮಾರು 73, ಎರಡನ್ನೂ ಹಲಗೆಯ ಮೇಲೆ ಬರೆದೆ. ಲಾಲ್‌ಬಾಗಿನ ಭಾಗಾಕಾರವನ್ನೇ ಮತ್ತೆ ಮಾಡಿದಾಗ ಒಂದರಿಂದ 1450 ಕೋಟಿ, ಇನ್ನೊಂದರಿಂದ 1340 ಕೋಟಿ ಬಂತು. ಎರಡೂ 1380 ಅಲ್ಲವಲ್ಲ ಎಂಬ ಆಕ್ಷೇಪ ಕೂಡಲೇ ಬಂತು. ವೇಗ ಎಲ್ಲ ಕಾಲದಲ್ಲೂ ಒಂದೇ ಆಗಿತ್ತು ಎಂದುಕೊಂಡು ಭಾಗಿಸಿದ್ದೇವೆ, ನಿಜದಲ್ಲಿ ಗುರುತ್ವ ಅದನ್ನು ಮೊದಲು ತಗ್ಗಿಸಿ ಆಮೇಲೆ ಕಪ್ಪು ಶಕ್ತಿ ಹೆಚ್ಚಿಸಿದೆ, ಅದನ್ನು ಸೇರಿಸಿಕೊಂಡರೆ ಪ್ಲ್ಯಾಂಕ್ ಅಳತೆಯಿಂದ 1380 ಸಿಗುತ್ತದೆ ಎಂದು ವಿವರಿಸಿದೆ. ಹಾಗಾದರೆ 67 ಮತ್ತು 73ರ ಸರಾಸರಿ ತೆಗೆದು 70 ಅಂದುಬಿಡೋಣ ಎಂದು ಒಬ್ಬಳು ಸೂಚಿಸಿದಳು, ಹಲವರು ತಲೆಯಾಡಿಸಿದರು. ಎರಡೂ ಅಳತೆಗಳು ಒಪ್ಪಿಕೊಂಡಿರುವ ದೋಷದ ಮಿತಿಗಳು ಒಂದನ್ನೊಂದು ಮುಟ್ಟುವುದಿಲ್ಲ, ಆದ್ದರಿಂದ ನಡುವಿನ 70 ಎರಡು ಕಡೆಯವರ ಪ್ರಕಾರವೂ ತಪ್ಪೇ. ದೋಷದ ಮಿತಿ ಎಂದರೇನೆಂದು ಅವರಿಗೆ ಇನ್ನೂ ಸರಿಯಾಗಿ ಗೊತ್ತಿಲ್ಲ. ಬರುವ ಶನಿವಾರ ಪ್ರತಿಯೊಬ್ಬರೂ ಅದೇ ಎಲಾಸ್ಟಿಕ್ ಪಟ್ಟಿಯನ್ನು ಬೇರೆ ಬೇರೆ ಸ್ಕೇಲಿನಿಂದ ಹಲವು ಸಲ ಅಳೆದು, ಬಂದ ಉತ್ತರಗಳನ್ನು ಒಂದನ್ನೂ ಅಳಿಸದೆ ಹಲಗೆಯ ಮೇಲೆ ಬರೆಯಬೇಕೆಂದು ಹೇಳಿದ್ದೇನೆ.